ನೀಲಗಿಡುಗನ ಸೇವಾ ಪುಸ್ತಕ

"ಇಂವ ಅಂವ ಅಲ್ಲ," ಎಂದ ಯಂಕೋಬ, ಪುಟವನ್ನು ಬೆರಳಿನಿಂದ ತಟ್ಟಿ. "ಯಾಂವೋ ಬ್ಯಾರೆ ಸೇರ್ಯಾನ."

ಮಕ್ಬುಲಸಾಬ ಹೊಲಿಗೆಯಂತ್ರದ ಗಾಲಿ ನಿಲ್ಲಿಸಿದ. ಮುನಿರಾಬಾದಿನ ಡ್ಯಾಮ್ ಕಾಲೊನಿಯ ಗೇಟಿನ ಬಳಿ ಅವನ ಟೇಲರ್ ಅಂಗಡಿ. ಎಪ್ಪತ್ತಾರನೇ ಇಸವಿಯಿಂದಲೂ ಅಲ್ಲಿ ಒಂದೇ ಚರ್ಚೆ: ನೀಲಗಿಡುಗ. ಅಣೆಕಟ್ಟಿನ ಗೋಡೆಯಿಂದ ಹಾರಿ ಕಳ್ಳರನ್ನು ಹಿಡಿಯುವ ಮುಖವಾಡದ ಶೂರ. ತಿಂಗಳಿಗೊಂದು ಚಿತ್ರಕಥೆ, ಎಂಟು ಪುಟ, ನಕಾಶೆ ತೆಗೆಯುವ ನೀಲಿ ಕಾಗದವನ್ನು ಬಿಸಿಲಿಗೆ ಹಿಡಿದು ಅಚ್ಚು ಮೂಡಿಸಿದ್ದು. ನೀರಾವರಿ ಕಚೇರಿಯ ನಕಾಶೆಗಾರ ವಿರುಪಣ್ಣ ಬರೆದದ್ದನ್ನು ಮನೆಯಿಂದ ತರುತ್ತಿದ್ದ.

ಯಂಕೋಬ ಅದೇ ಕಚೇರಿಯ ಸಿಬ್ಬಂದಿ ಶಾಖೆಯ ಗುಮಾಸ್ತ. ಅಣ್ಣನ ಹೆಸರಿನಲ್ಲಿ ತಮ್ಮನೊಬ್ಬ ಹನ್ನೊಂದು ವರ್ಷ ನೌಕರಿ ಮಾಡಿದ್ದನ್ನು ಸಹಿಯ ಬಾಲ ನೋಡಿ ಹಿಡಿದವನು. ನೌಕರರಿಗೆ ಇಡುವಂತೆ ನೀಲಗಿಡುಗನಿಗೂ ಅವನು ಒಂದು ಸೇವಾ ಪುಸ್ತಕ ತೆರೆದಿದ್ದ. ಗುರುತಿನ ಚಿಹ್ನೆ, ಗಾಯ, ಸ್ವಭಾವ, ಎಲ್ಲವೂ ಸಂಚಿಕೆವಾರು.

"ಕೇಳು. ಆರನೇ ಸಂಚಿಕಿ: ಒಲಿ ಬೂದಿ ಮುಟ್ಟಿ ನೋಡಿ, ಕಳ್ಳ ಎಷ್ಟೊತ್ತಿಗೆ ಎದ್ದು ಹೋದ ಅಂತ ಹೇಳ್ಯಾನ. ಒಂಬತ್ತನೇದು: ಕೊಡದಾಗಿನ ನೀರು ನೋಡಿ ಮನ್ಯಾಗ ಎಷ್ಟು ಮಂದಿ ಅಡಗ್ಯಾರ ಅಂತ ಗುರ್ತು ಹಿಡದಾನ. ಹನ್ನೊಂದನೇದು: ಬೆನ್ನು ಹತ್ತಿ ಓಡೋ ಹೊತ್ತಿನ್ಯಾಗೂ ಹಸಿ ಸಾರಿಸಿದ ನೆಲ ತುಳೀದಂಗ ಗೋಡಿ ದಂಡಿ ಹಿಡದು ಹೋಗ್ಯಾನ. ಈಗ ಈ ಹದಿನೆಂಟನೇದು ನೋಡು! ಉರಿಯೋ ಒಲಿ ಮುಂದ ನಿಂತು, ಮನ್ಯಾಗ ಯಾರೂ ಇಲ್ಲ ಅಂತಾನ."

"ದಣದಿರಬೇಕು ಬಿಡಪಾ," ಎಂದ ಮಕ್ಬುಲಸಾಬ. "ನೀ ಏನು ಮದಿವ್ಯಾದಾಗ ಇದ್ದಂಗ ಈಗ ಅದಿಯೇನು? ಮನಷ್ಯಾ ಅಂದ ಮ್ಯಾಲ ಬದಲಾಗ್ತಾನ."

"ಗೋಡೀನೂ ಬದಲಾಗ್ತಾವೇನು? ಮೊದಲು ಗಿಲಾವು ಉದುರಿದ್ದು ಸೈತ ಕಾಣ್ತಿತ್ತು. ಈಗ ಸ್ಕೇಲ್ ಇಟ್ಟು ಎಳದಂಗ ಅದಾವ. ಮಂದಿ ಕಂಬ ನಿಂತಂಗ ನಿಂತಾರ. ನಕಾಶಿ ಶಾಖೆಗೆ ನಕಲು ತಗಿಯೋ ಹೊಸಾ ಟ್ರೇಸರ್ ಬಂದಾನಲ್ಲ, ಉಮರಸಾಬ? ಇದು ಅವನ ಕೈ."

ಬರೀ ಹರಟೆಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಯಂಕೋಬನ ಕಿಸೆಯಲ್ಲಿ ಹುಬ್ಬಳ್ಳಿಯ ಪತ್ರಿಕೆಯೊಂದರ ಕಾಗದವಿತ್ತು. ನಾಲ್ಕು ತಿಂಗಳ ಹಿಂದೆ ಮೊದಲ ಹದಿನಾರು ಸಂಚಿಕೆಗಳನ್ನು ಅವನೇ ಅಲ್ಲಿಗೆ ಕಳಿಸಿದ್ದ. ಇವು ವಿರುಪಣ್ಣನವೇ ಎಂದು ದೃಢೀಕರಿಸಿ ಸಹಿ ಹಾಕಿದ್ದ. ಸಂಪಾದಕರಿಗೆ ಮೆಚ್ಚುಗೆಯಾಗಿ ಮುಂದಿನವನ್ನೂ ಕೇಳಿದ್ದರು. ಮೂರು ಹೋದವು. ಈಗ ಉತ್ತರ ಬಂದಿತ್ತು: ಈ ಮೂರು ನಕಲಿ. ಮೂಲ ಕಲಾವಿದರ ಕೈಯಿಂದ ಇಪ್ಪತ್ತನೆಯ ಸಂಚಿಕೆ ತಿಂಗಳೊಳಗೆ ಬಾರದಿದ್ದರೆ ಎಲ್ಲವನ್ನೂ ವಾಪಸು ಕಳಿಸುತ್ತೇವೆ.

ನೀಲಗಿಡುಗ ನಾಡಿಗೆಲ್ಲ ಗೊತ್ತಾಗುವುದೋ ಈ ಕಾಲೊನಿಯಲ್ಲೇ ಸಾಯುವುದೋ ಎಂಬುದು ಈ ತಿಂಗಳೊಳಗೆ ತೀರ್ಮಾನವಾಗಬೇಕಿತ್ತು.

ಆ ಹದಿನಾರನ್ನು ಕಳಿಸಿದ ದಿನ ವಿರುಪಣ್ಣನ ಮನೆಯ ಕಟ್ಟೆಯ ಮೇಲೆ ಎಷ್ಟು ಸಂಭ್ರಮವಿತ್ತು! ಅವನ ಹೆಂಡತಿ ಹಂಪವ್ವ ಒಗ್ಗರಣೆ ಅವಲಕ್ಕಿ ತಂದಿಟ್ಟಿದ್ದಳು. "ಅಚ್ಚಾದ ಮ್ಯಾಲ ಬರದವರ ಹೆಸರೂ ಬರ್ತೈತೇನ್ರಿ ಅಣ್ಣಾರ?" ಎಂದು ಕೇಳಿದ್ದಳು.

"ಬರ್ತೈತಿ ಮತ್ತ! ದಪ್ಪ ಅಕ್ಷರದಾಗ. ವಿರುಪಣ್ಣ ಅಂತ!" ಎಂದಿದ್ದ ಯಂಕೋಬ.

ಅವಳು ಗಂಡನ ಮುಖ ನೋಡಿದಳು. ವಿರುಪಣ್ಣ ಅವಲಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದ. ಹಂಪವ್ವ ಯಂಕೋಬನ ಮುಂದಿದ್ದ, ಇನ್ನೂ ಅರ್ಧ ತುಂಬಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಿದ್ದಳು.

ಆ ವಾರದ ಭಾನುವಾರ ಮಧ್ಯಾಹ್ನ ಯಂಕೋಬ, ಮಕ್ಬುಲಸಾಬ ಇಬ್ಬರೂ ವಿರುಪಣ್ಣನ ಮನೆಗೆ ಹೋದರು. ಅಂಗಳದಲ್ಲಿ ಹಂಪವ್ವ ಜೋಳ ಕೇರುತ್ತಿದ್ದಳು.

"ಒಳಗ ಬರೀಲಾಕ ಕುಂತಾರ, ಹೋಗ್ರಿ," ಎಂದಳು ತಲೆಯೆತ್ತದೆ. "ಮೂರು ದಿನ ಆತು, ಕುಂತ ಅದಾರ."

ವಿರುಪಣ್ಣನ ಸುತ್ತ ಮುದುಡಿ ಎಸೆದ ಕಾಗದದ ಉಂಡೆಗಳು. ಯಂಕೋಬ ಹುಬ್ಬಳ್ಳಿಯ ಕಾಗದವನ್ನು ಅವನ ಮುಂದೆ ಹಿಡಿದ. ಓದಿ ಮುಗಿಸುವವರೆಗೂ ಕಾಯಲಿಲ್ಲ.

"ಉಮರಸಾಬನ ಕೈಲೆ ಬರಸೀದಿ, ಹೌದಲ್ಲೋ?"

"ಅವಗ ಇದರ ಸುದ್ದೀನ ಗೊತ್ತಿಲ್ಲ."

"ಹೆಸರು ನಿಂದು, ದುಡಿಮಿ ಇನ್ನೊಬ್ಬರದು. ಇಂಥಾದಕ್ಕ ನಮ್ಮ ಕಚೇರ್ಯಾಗ ಏನಂತಾರ ಗೊತ್ತೈತಿಲ್ಲೋ?"

"ಗೊತ್ತೈತಿ," ಎಂದ ವಿರುಪಣ್ಣ, ಬಹಳ ಸಣ್ಣ ದನಿಯಲ್ಲಿ.

ಮಕ್ಬುಲಸಾಬ ಇಬ್ಬರ ನಡುವೆ ಕುಳಿತ. ಪೆನ್ನನ್ನು ವಿರುಪಣ್ಣನ ಕಡೆ ಸರಿಸಿದ. "ಸುಮ್ನ ಯಾಕ ಜಗಳ? ನಮ್ಮ ಮುಂದ ಒಂದು ಗಿಡುಗನ್ನ ಬರದು ತೋರ್ಸಪಾ. ಇವನ ಬಾಯಿ ಮುಚ್ಚಲಿ."

ವಿರುಪಣ್ಣ ಬರೆದ. ಅಂಗೈಯ ಬೆವರನ್ನು ಎರಡು ಸಲ ಪಂಚೆಗೆ ಒರೆಸಿಕೊಂಡ. ಸ್ಕೇಲ್ ಇಲ್ಲದಿದ್ದರೂ ಗೋಡೆ ನೆಟ್ಟಗೆ ನಿಂತಿತು. ಗಿಡುಗ ಅದರ ಮುಂದೆ ಕಂಬವಾದ. ಯಂಕೋಬ ಹತ್ತೊಂಬತ್ತನೆಯ ಸಂಚಿಕೆಯನ್ನು ಬಿಚ್ಚಿ ಪಕ್ಕದಲ್ಲಿಟ್ಟ. ಮೂಗು, ಮುಷ್ಟಿ, ಮುಖವಾಡದ ಗಂಟು, ಯಾವುದರಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಯಂಕೋಬ ಎರಡನ್ನೂ ಮತ್ತೊಮ್ಮೆ ನೋಡಿದ. "ಅಂದ್ರ... ಇವು ಮೂರೂ ಖರೇನ ನಿನ್ನವ ಏನು?"

ಅಂಗಳದಲ್ಲಿ ಜೋಳ ಕೇರುವ ಸಪ್ಪಳ ನಿಂತಿತು.

"ಇವು ಮೂರಷ್ಟ ನನ್ನವು," ಎಂದ ವಿರುಪಣ್ಣ, ಅಂಗಳದ ಬಾಗಿಲ ಕಡೆ ನೋಡುತ್ತ. "ಮೊದಲಿನ ಹದಿನಾರು ಬರದಾಕಿ, ನನ್ನ ಹೆಸರು ಹುಬ್ಬಳ್ಳಿಗೆ ಹೋದ ದಿನದಿಂದ ಪೆನ್ನು ಮುಟ್ಟವಲ್ಲಳು."