ಆಫ್ ಮಾಡುವಾಗ ಬರುವ ಮಾತು

ಅವಳ ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್‌ನ ಹಳೆಯ ಡೆಸ್ಕ್‌ಟಾಪ್ ತಂತ್ರಾಂಶ ತೆಗೆದು ಹೊಸದನ್ನು ಹಾಕಿ ಮುಗಿಸಿದ ರಿಪೇರಿಯವನು ಎದ್ದು ಕುರ್ಚಿ ಬಿಟ್ಟುಕೊಟ್ಟ. ಅವಳು ಕೂತು, ಏನನ್ನೂ ತೆರೆದು ನೋಡದೆ ಕಂಪ್ಯೂಟರನ್ನು ಆಫ್ ಮಾಡಿದಳು. ಆನ್ ಮಾಡಿ ಮತ್ತೊಮ್ಮೆ ಆಫ್ ಮಾಡಿದಳು.

“ಹಳೇದನ್ನೇ ಹಾಕ್ಕೊಡಿ.”

“ಯಾಕೆ ಮೇಡಂ? ಎಷ್ಟು ಫಾಸ್ಟಾಗಿದೆ ನೋಡಿ. ಕನ್ನಡಾನೂ ಇದೆ.”

“ಇದೆ. ಆದ್ರೆ ಆಫ್ ಮಾಡೋವಾಗ ‘ಗಣಕವು ಸ್ಥಗಿತಗೊಳ್ಳುತ್ತಿದೆ’ ಅನ್ನುತ್ತೆ. ಹಳೇದು ‘ಹೋಗಿ ಬನ್ನಿ’ ಅಂತಿತ್ತು.”

ಅವನಿಗೆ ನಗು ಬಂತು. “ಇಷ್ಟಕ್ಕೇನಾ?”

“ದಿನಾ ಬೆಳಿಗ್ಗೆ ಮೇಲ್ ನೋಡಿ, ಇದನ್ನ ಆಫ್ ಮಾಡಿ ಕೆಲಸಕ್ಕೆ ಹೊರಡ್ತೀನಿ. ಈ ಮನೇಲಿ ನಂಗೆ ಹಾಗನ್ನೋದು ಇದೊಂದೇ.”

ಅವನ ನಗು ಅಲ್ಲೇ ನಿಂತಿತು. ಮತ್ತೆ ಕೂತು ಕಂಪ್ಯೂಟರ್ ಆನ್ ಮಾಡಿ, ಪರದೆಯ ಕನ್ನಡ ಮಾತುಗಳೆಲ್ಲ ಇರುವ ಭಾಷೆಯ ಫೈಲು ತೆರೆದ. ರಾಶಿ ಸಾಲುಗಳ ನಡುವೆ ತಡಕಾಡದೆ ನೇರವಾಗಿ ಆ ಸಾಲಿಗೇ ಹೋಗಿ, ಅದನ್ನು ಅಳಿಸಿ, ಹಳೆಯ ಮಾತನ್ನು ಟೈಪ್ ಮಾಡಿದ.

“ಈಗ ಆಫ್ ಮಾಡಿ ನೋಡಿ.”

ಪರದೆ ಕಪ್ಪಾಗುವ ಮುನ್ನ ‘ಹೋಗಿ ಬನ್ನಿ’ ಎಂದು ಮೂಡಿತು. ಅವಳ ಮುಖ ಅರಳಿತು.

“ಆ ಹಳೇದನ್ನ ಕನ್ನಡಕ್ಕೆ ತಂದೋರು ತುಂಬಿದ ಮನೆಯೋರೇ ಇರ್ಬೇಕು. ದಿನಾ ಹಾಗೆ ಅನ್ನಿಸ್ಕೊಂಡು ಹೊರಡೋರಿಗೆ ಮಾತ್ರ ಇಂಥ ಮಾತು ಹೊಳೆಯೋದು.”

ಅವನು ಬಗ್ಗಿ ಬ್ಯಾಗಿನ ಜಿಪ್ ಎಳೆದ.

“ಇಲ್ಲ ಮೇಡಂ. ರೂಮಿಗೆ ಬೀಗ ಹಾಕೋ ಮುಂಚೆ ಯಾರಾದ್ರೂ ಹಾಗನ್ಲಿ ಅಂತ ನಾನೇ ಬರ್ಕೊಂಡಿದ್ದು.”