ತಸ್ಲೀಮಾಗೆ ಸಿಕ್ಕ ಪಾರ್ಟಿಸಿಪಲ್

“ಫಾಲಿಂಗ್ ಲೀಫ್, ಫಾಲನ್ ಲೀಫ್. ಇದರಾಗ ಪಾರ್ಟಿಸಿಪಲ್ ಯಾವ್ದವಾ?” ನೀಲಾ ಟೀಚರ್ ಮತ್ತೆ ಕೇಳಿದರು. ಸವಣೂರಿನ ಮನೆಯಂಗಳದಲ್ಲಿ ವೀಳ್ಯದೆಲೆ ಆರಿಸಿ ಬೇರೆ ಬೇರೆ ಬುಟ್ಟಿಗೆ ಹಾಕುತ್ತಿದ್ದ ತಸ್ಲೀಮಾ ಇನ್ನೊಂದು ಹಿಡಿ ಎಲೆ ಎತ್ತಿಕೊಂಡಳು. ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿದ್ದಳು. ಈ ಸಲ ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು.

ಬೇಸರಿಸದೆ ಟೀಚರ್ ತಾವೂ ಎಲೆ ಆರಿಸತೊಡಗಿ, ಒಂದನ್ನು ತಪ್ಪು ಬುಟ್ಟಿಗೆ ಹಾಕಹೋದರು.

“ಅಲ್ಲಿ ಹಾಕಬ್ಯಾಡ್ರಿ ಟೀಚರ್! ಬಾಡೋ ಎಲಿ ಇವತ್ತ ಮಾರ್ಬೇಕು, ಬಾಡಿದ ಎಲಿ ಆಡಿಗೆ ಹಾಕ್ರಿ,” ಎಂದವಳ ಕೈ ಬುಟ್ಟಿಯ ಮೇಲೆಯೇ ನಿಂತುಬಿಟ್ಟಿತು. “ಬಾಡೋ... ಬಾಡಿದ... ಬಾಡೋದು ಎಲಿ ಮಾಡೋ ಕೆಲಸ. ಆದ್ರ ಇಲ್ಲಿ ಎಲಿ ಹೆಂಗೈತಿ ಅಂತ ಹೇಳಾಕತ್ತೈತಿ! ಫಾಲಿಂಗ್, ಫಾಲನ್ ಎರಡೂ ಇಂಥಾವ ಏನ್ರಿ?”

“ಹೌದವಾ, ಎರಡೂ ಪಾರ್ಟಿಸಿಪಲ್ ಅದಾವ.”

ತಸ್ಲೀಮಾ ಮೈಮರೆತು ಎಲೆಗಳನ್ನೇ ನೋಡಿದಳು.

“ಯಾ ಅಲ್ಲಾ! ಮಾತು ಬಂದಾಗಿಂದ ನಾ ಇದನ್ನ ಆಡಾಕತ್ತೇನಿ!”