ಪೇಪರಿಗೊಂದು ಫೋಟೋ

"ಹಕ್ಕಿ ತೆಗೆದಿದ್ದು ಸಾಕು, ಇವತ್ತು ನಂದೊಂದು ಫೋಟೋ ತೆಗಿ," ಎಂದು ಅಕ್ಕ ಉಣ್ಣೆಯ ಟೋಪಿ ಕಳಚಿ ಕೆರೆಗೆ ಬೆನ್ನು ಮಾಡಿ ನಿಂತಳು. ತಮ್ಮ ನಕ್ಕುಬಿಟ್ಟ. ಎಲೆ ಉದುರುವ ಕಾಲದಲ್ಲಿ ಪ್ರತಿ ಭಾನುವಾರ ಇಬ್ಬರೂ ಬಸ್ಸಿನ ಕೊನೇ ಸ್ಟಾಪಿಗೆ ಬಂದು ಈ ಕೆರೆ ಸುತ್ತುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಕ್ಯಾಮೆರಾಗೆ ಮುಖ ಕೊಟ್ಟವಳಲ್ಲ.

"ಏನಕ್ಕಾ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ಪೇಪರಿಗೆ ಬೇಕು ಕಣೋ. ತೀರಿಕೊಂಡವರದ್ದು ಹಾಕ್ತಾರಲ್ಲ, ಆ ಪುಟಕ್ಕೆ. ನನ್ನ ಹತ್ರ ಇರೋದು ಆಫೀಸಿನ ಐಡಿ ಕಾರ್ಡಿಂದು. ಅದರಲ್ಲಿ ಕಳ್ಳಿ ಥರ ಇದೀನಿ."

ಅವಳು ಕಾಲರ್ ಸರಿಮಾಡಿಕೊಂಡಳು. ದಪ್ಪ ಸ್ವೆಟರಿನೊಳಗೆ ಅವಳು ಎಷ್ಟು ಇಳಿದುಹೋಗಿದ್ದಾಳೆಂದು ಅವನಿಗೆ ಆಗಷ್ಟೇ ಕಂಡಿತು.

"ಬೆಳಕು ಸರಿಯಿಲ್ಲ. ಮುಂದಿನ ವಾರ ತೆಗೀತೀನಿ."

"ಮುಂದಿನ ವಾರ ಆಸ್ಪತ್ರೆ ಸೇರ್ತೀನಿ. ವಾಪಸ್ ಬರೋದು ಕಷ್ಟ ಅಂದಿದ್ದಾರೆ ಡಾಕ್ಟ್ರು. ತೆಗಿಯೋ."

ಅವನು ಕ್ಯಾಮೆರಾ ಎತ್ತಿ ಗುಂಡಿ ಒತ್ತಿದ.

"ಆಯ್ತಲ್ಲ?" ಎಂದಳು ಅಕ್ಕ.

ಅವನು ಮತ್ತೆ ಒತ್ತಿದ, ಇನ್ನೊಮ್ಮೆ ಒತ್ತಿದ, ಮೆಮೊರಿ ಕಾರ್ಡು ತುಂಬುವವರೆಗೂ ಒತ್ತುತ್ತಲೇ ಇದ್ದ. ಅವಳು ಸಾಕೆನ್ನದೆ ನಿಂತೇ ಇದ್ದಳು.